ಲೋಣಾವಳದ ಮರಿ, ಕಾವೇರಿಯ ಡುಬ್ಬ

ಮುಂಬಯಿಯ ಮನೆಗಳಲ್ಲಿ ನಾವು ಹಚ್ಚುವ ದೀಪಕ್ಕೆ ಲೋಣಾವಳದ ಘಟ್ಟದ ಕೆರೆಗಳಿಂದ ಖೋಪೋಲಿಗೆ ಧುಮುಕುವ ನೀರು 1915ರಿಂದಲೂ ಆಧಾರವಾಗಿದೆಯೆಂಬುದನ್ನು ಬಲ್ಲವರು ಹಲವರುಂಟು; ಆದರೆ ಅದೇ ಕೆರೆಗಳ ದಡದಲ್ಲಿ 1970ರ ದಶಕದಿಂದ ಟಾಟಾ ವಿದ್ಯುತ್ ಸಂಸ್ಥೆಯವರು ಮಹಶೀರ್ ಮೀನಿನ ಮರಿಗಳನ್ನು ಸದುದ್ದೇಶದಿಂದಲೇ ಬೆಳೆಸಿ ಹಂಚಿದರೆಂಬುದೂ, ಆ ಮರಿಗಳು ನಮ್ಮ ಕಾವೇರಿಯನ್ನೂ ಸೇರಿದುವೆಂಬುದೂ ಇಲ್ಲಿಯ ಕನ್ನಡಿಗರಿಗೆ ಅಷ್ಟಾಗಿ ತಿಳಿಯದು.

ಮಹಶೀರ್ ಎಂಬುದೆಲ್ಲ ಒಂದೇ ಮೀನು, ಬಣ್ಣವೂ ಡುಬ್ಬವೂ ನೀರಿನ ಗುಣದಿಂದ ಬಂದುವು ಎಂಬ ನಂಬಿಕೆ ಬಲವಾಗಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ, ಒಂದೇ ಜಾತಿಯ ಮಹಶೀರ್ ನದಿಯಿಂದ ನದಿಗೆ ಮೈಬಣ್ಣವನ್ನೂ ತುಟಿಯ ದಪ್ಪವನ್ನೂ ಬದಲಿಸುವುದರಿಂದಲೇ ಕಣ್ಣು ಇಲ್ಲಿ ಮೋಸಹೋಗುತ್ತದೆ. ಪುಣೆಯ ಮುಳಾ-ಮುಠಾ ನದಿಯ ಮೀನಿಗೆ ಸೈಕ್ಸ್ ಎಂಬಾತನು 1839ರಲ್ಲಿ ಖುದ್ರಿ ಎಂದು ಹೆಸರಿಟ್ಟನು. ನೀಲಿ ರೆಕ್ಕೆಯ ಆ ಮೀನೇ ಲೋಣಾವಳದ್ದು. ಕಾವೇರಿಯದಾದರೋ ಕಿತ್ತಳೆ ರೆಕ್ಕೆಯದು, ತಲೆಯ ಹಿಂದೆಯೇ ಬೆನ್ನು ಡುಬ್ಬವಾಗಿ ಏಳುವಂಥದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬಾತನ ಗಾಳಕ್ಕೆ ಸಿಕ್ಕಿದ್ದು 120 ಪೌಂಡು ತೂಗಿತು. ಇಷ್ಟು ಪ್ರಖ್ಯಾತವಾದ ಜೀವಿಗೆ 2018ರವರೆಗೂ ನಿಶ್ಚಿತವಾದ ಶಾಸ್ತ್ರೀಯ ನಾಮಧೇಯವಿರಲಿಲ್ಲವೆಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಆ ವರ್ಷ ಸಂಶೋಧಕರು ಕಾವೇರಿಯ ಜಲಾನಯನಕ್ಕೇ ಸೇರಿದ ಮೋಯಾರ್ ನದಿಯ ಡುಬ್ಬದ ಮೀನುಗಳ ಆಕೃತಿಯನ್ನೂ ವಂಶವಾಹಿಗಳನ್ನೂ ಜೊತೆಗಿಟ್ಟು ಪರೀಕ್ಷಿಸಿ, ಕೇರಳದ ಪಾಂಬಾರ್ ಹೊಳೆಯ ಎಳೆಯ ಮೀನುಗಳಿಗೆ ಮುಂಚೆಯೇ ಇಟ್ಟಿದ್ದ ಟಾರ್ ರೆಮಾದೇವಿಯೈ ಎಂಬ ಹೆಸರೇ ಇದಕ್ಕೂ ಸಲ್ಲತಕ್ಕದ್ದೆಂದು ಸ್ಥಾಪಿಸಿದರು. ಗೇಣುದ್ದದ ಮೀನನ್ನೂ ಮಣಭಾರದ ದೈತ್ಯವನ್ನೂ ಒಂದೇ ಕುಲವೆಂದು ಬರಿಗಣ್ಣು ಹೇಗೆ ತಾನೇ ಹೇಳೀತು?

ವಂಶವಾಹಿಯ ಪರೀಕ್ಷೆಗಾಗಿ ಮೀನನ್ನು ಕೊಲ್ಲಬೇಕೆಂಬುದೂ ತಪ್ಪು ಗ್ರಹಿಕೆ. ಉಗುರಿನಗಲದ ರೆಕ್ಕೆಯ ತುಣುಕೊಂದನ್ನು ಕತ್ತರಿಸಿ, ಮದ್ಯಸಾರದ ಸೀಸೆಯಲ್ಲಿಟ್ಟು, ಮೀನನ್ನು ಹೊಳೆಗೇ ಬಿಟ್ಟರೆ ಸಾಕು. ಆ ತುಣುಕಿನಿಂದ ಸುಮಾರು 650 ಅಕ್ಷರಗಳಷ್ಟು ಉದ್ದದ ಒಂದು ನಿಯತ ವಂಶವಾಹಿ ಭಾಗವನ್ನು ಓದಿ, ಈಗಾಗಲೇ ಗುರುತಾದ ಮೀನುಗಳ ಅದೇ ಭಾಗದೊಡನೆ ಹೋಲಿಸುತ್ತಾರೆ. ಹಾಗೆಂದು ಡಿಎನ್‌ಎ ತಾನಾಗಿ ಹೆಸರು ಹೇಳುವುದೆಂದು ಭಾವಿಸಲಾಗದು. ಹೋಲಿಕೆಯ ಮೀನಿಗೇ ತಪ್ಪು ಹೆಸರಿದ್ದರೆ ತಪ್ಪೇ ಬೆಳೆಯುತ್ತದೆ. ಅಲ್ಲದೆ ಈ ಭಾಗವು ತಾಯಿಯಿಂದ ಮಾತ್ರ ಬರುವುದರಿಂದ, ಎರಡು ಜಾತಿಗಳು ಬೆರೆತು ಹುಟ್ಟಿದ ಮರಿಯು ಇಲ್ಲಿ ತಾಯಿಯ ಜಾತಿಯದೆಂದೇ ತೋರುವುದು. ಮಿಶ್ರಣವನ್ನು ಹಿಡಿಯಲು ಜೀವಕೋಶದ ಕೇಂದ್ರದಲ್ಲಿರುವ ವಂಶವಾಹಿಗಳನ್ನೂ ನೋಡಬೇಕು.

ಎಲ್ಲಕ್ಕಿಂತ ಅಪಾಯಕರವಾದುದು, ಯಾವ ಮಹಶೀರ್ ಮರಿಯನ್ನು ಯಾವ ನದಿಗೆ ಬಿಟ್ಟರೂ ಪುಣ್ಯವೇ ಎಂಬ ಭಾವನೆ. ಕಾವೇರಿಯ ಗಾಳಿಬೋರೆಯಲ್ಲಿ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಪರಿಶೀಲಿಸಿದಾಗ, ನೀಲಿ ರೆಕ್ಕೆಯವು ಹೆಚ್ಚುತ್ತ ಹೋದಂತೆ ಡುಬ್ಬದವು ವಿರಳವಾದುದು ಕಂಡುಬಂತು. ಹೊರಗಿನವರಿಗೆ ಮಹಶೀರ್ ಯಥೇಚ್ಛವಾಗಿ ಸಿಗುತ್ತಿದೆಯೆಂದೇ ತೋರಿತ್ತು. 2018ರಲ್ಲಿ ಡುಬ್ಬದ ಮೀನು ಅಂತರರಾಷ್ಟ್ರೀಯ ಕೆಂಪುಪಟ್ಟಿಯ ‘ತೀವ್ರ ವಿನಾಶದಂಚಿನ’ ವರ್ಗವನ್ನು ಸೇರಿತು. ಇನ್ನು ಮುಂದೆ ಅದರ ಮರಿಗಳನ್ನೇ ಬೆಳೆಸಿ ಕಾವೇರಿಗೆ ಬಿಡಬೇಕೆಂದಾದರೂ, ತಾಯಿಮೀನು ತಂದೆಮೀನುಗಳೆರಡರ ರೆಕ್ಕೆಯ ತುಣುಕುಗಳೂ ಮೊದಲು ಸೀಸೆಗೆ ಬೀಳಬೇಕು.