ಚಾವಿ ತಿರುಗಿತು, ಲಾರಿ ಕದಲಲಿಲ್ಲ!

ಹತ್ತಿ ಸುಗ್ಗಿಯ ದಿನಗಳು. ರಾಯಚೂರಿನ ಹೊರವಲಯದಲ್ಲಿ ಬೆಳಗಾಗುವ ಮುನ್ನವೇ ಲಾರಿಗಳ ಸಾಲು. ಅಂಡಿಗೆಗಳನ್ನು ಆಳೆತ್ತರ ಹೇರಿಕೊಂಡ ಹಳೆಯ ಲಾರಿಯೊಂದರ ಚಾಲಕ ಚಾವಿ ತಿರುಗಿಸುತ್ತಾನೆ. ಸದ್ದಿಲ್ಲ. ಚಾವಿಯನ್ನು ಅತ್ತಿತ್ತ ಅಲುಗಾಡಿಸಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕಿ ಆರುತ್ತದೆ. ಸೆಲ್ಫ್ ಒಮ್ಮೆ ಮುಲುಗಿ ಸುಮ್ಮನಾಗುತ್ತದೆ. ಕ್ಲೀನರ್ ಹುಡುಗ ಕೆಳಗೆ ಜಿಗಿದು ಎಲೆಕ್ಟ್ರಿಷಿಯನ್‌ನನ್ನು ಕರೆತರಲು ಓಡುತ್ತಾನೆ.

"ಮೇಸ್ತ್ರಿ, ಸ್ವಿಚ್ ಡೈರೆಕ್ಟ್ ಮಾಡಿಬಿಡ್ರಿ. ಮಧ್ಯಾಹ್ನದೊಳಗ ಮಿಲ್ ಮುಟ್ಟಬೇಕು."

"ಡೈರೆಕ್ಟ್ ಮಾಡಾಕ ಐದು ನಿಮಿಷ ಸಾಕ್ರಿ. ಆದ್ರ ಮ್ಯಾಲೆ ಹೇರಿದ್ದು ಹತ್ತಿ ಐತಿ, ನೆನಪಿರಲಿ."

ಹೆದ್ದಾರಿ ಬದಿಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಕೇಳಿಬರುವ ಮಾತುಕತೆಯಿದು. ಮೇಲಿರುವುದು ಹತ್ತಿಯಾಗಿರಬಹುದು, ಬ್ಯಾಡಗಿಯ ಒಣ ಮೆಣಸಿನಕಾಯಿಯಾಗಿರಬಹುದು, ಮೇವಾಗಿರಬಹುದು. ಒಂದು ಕಡೆ ಅರ್ಧ ದಿನದ ಬಾಡಿಗೆ, ಇನ್ನೊಂದು ಕಡೆ ಒಂದು ಕಿಡಿ. ನಡುವೆ ಇರುವುದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದೊಂದು ಸ್ವಿಚ್ಚು.

ಚಾವಿಯ ಕೆಲಸವೇನು?

ಪೆಟ್ರೋಲ್ ಕಾರಿನಲ್ಲಿ ಚಾವಿ ತಿರುಗಿಸಿ ತೆಗೆದರೆ ಇಂಜಿನ್ ನಿಲ್ಲುತ್ತದೆ. ಕಿಡಿ ಇಲ್ಲದೆ ಅಲ್ಲಿ ಪೆಟ್ರೋಲು ಹೊತ್ತಿಕೊಳ್ಳದು. ಹಳೆಯ ಡೀಸೆಲ್ ಲಾರಿಯ ಜಾಯಮಾನವೇ ಬೇರೆ. ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಉರಿಯುತ್ತದೆ. ಇಂಧನ ಚಿಮ್ಮಿಸುವ ಪಂಪು ಇಂಜಿನ್ನಿನ ಬಲದಿಂದಲೇ ತಿರುಗುತ್ತದೆ. 1951ರಲ್ಲಿ ಆರಂಭವಾಗಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಬೆಂಗಳೂರಿನ ಮೈಕೋ ಕಾರ್ಖಾನೆ ಇಂಥ ಪಂಪುಗಳಿಗೆ ಹೆಸರುವಾಸಿ. ಇಂಜಿನ್ ಒಮ್ಮೆ ಹತ್ತಿಕೊಂಡರೆ ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಅದನ್ನು ನಿಲ್ಲಿಸಲು ಕ್ಯಾಬಿನ್ನಿನಲ್ಲಿರುವ ಸ್ಟಾಪರ್ ಎಳೆಯಬೇಕು. ಆಗ ಪಂಪಿನಲ್ಲಿ ಡೀಸೆಲ್ ಕಡಿದುಹೋಗುತ್ತದೆ.

ಹಾಗಾದರೆ ಚಾವಿಗೇನು ಕೆಲಸ? ಬ್ಯಾಟರಿಯ ವಿದ್ಯುತ್ತನ್ನು ಮೀಟರುಗಳಿಗೂ ಚಾರ್ಜಿಂಗ್ ವ್ಯವಸ್ಥೆಗೂ ಹಂಚುವುದು, ಸೆಲ್ಫ್ ಮೋಟಾರಿಗೆ ಅಪ್ಪಣೆ ಕೊಡುವುದು. ಸೆಲ್ಫ್ ತಿರುಗುವಾಗ ನೂರಾರು ಆಂಪಿಯರ್ ಹೀರುತ್ತದೆ. ಅಷ್ಟು ವಿದ್ಯುತ್ತು ಸ್ವಿಚ್ಚಿನ ಮೂಲಕ ಹರಿಯುವುದಿಲ್ಲ. ಸೆಲ್ಫಿನ ಮೇಲೆ ಕುಳಿತಿರುವ ಸೊಲೆನಾಯ್ಡ್‌ಗೆ ಬೇಕಾದಷ್ಟು ಮಾತ್ರ ಸ್ವಿಚ್ಚು ದಾಟಿಸುತ್ತದೆ. ದಪ್ಪ ಕೇಬಲಿನ ಭಾರೀ ಹರಿವನ್ನು ಕೂಡಿಸುವುದು ಸೊಲೆನಾಯ್ಡ್.

ಮೂರು ಅಂಕಿಗಳ ಗುಟ್ಟು

ಅನುಭವಸ್ಥ ಮೇಸ್ತ್ರಿ ಬಂದ ಕೂಡಲೇ ಸ್ವಿಚ್ಚಿಗೆ ಕೈ ಹಾಕುವುದಿಲ್ಲ. ಮೊದಲು ಹೆಡ್‌ಲೈಟ್ ಹಾಕಿಸಿ ಚಾವಿ ತಿರುಗಿಸಲು ಹೇಳುತ್ತಾನೆ. ದೀಪ ತೀರಾ ಮಂಕಾದರೆ ಬ್ಯಾಟರಿ ಇಳಿದಿರಬೇಕು, ಇಲ್ಲವೇ ಟರ್ಮಿನಲ್ಲಿಗೆ ಬಿಳಿ–ಹಸಿರು ಪುಡಿ ಹಿಡಿದಿರಬೇಕು, ಇಲ್ಲವೇ ಚಾಸಿಗೆ ಬಿಗಿದ ಅರ್ಥ್ ಪಟ್ಟಿ ತುಕ್ಕು ತಿಂದಿರಬೇಕು. ಹೊಸ ಸ್ವಿಚ್ಚಿಗೆ ದುಡ್ಡು ಸುರಿದ ಮೇಲೂ ಲಾರಿ ಕದಲದಿದ್ದರೆ ಹತ್ತು ಸಲಕ್ಕೆ ಹಲವು ಸಲ ಕಾರಣ ಇವೇ. ದೀಪ ಪ್ರಖರವಾಗಿಯೇ ಉರಿದು ಸೆಲ್ಫ್ ಮಾತ್ರ ಮೌನವಾಗಿದ್ದರೆ ಅನುಮಾನ ಸ್ವಿಚ್ಚಿನ ಕಡೆ ತಿರುಗುತ್ತದೆ.

ಆಗ ಹೊರಬರುವುದು ಎರಡು ವೈರು ಕಟ್ಟಿದ ಟೆಸ್ಟಿಂಗ್ ಬಲ್ಬು. ಜರ್ಮನಿಯ ಡಿನ್ 72552 ಮಾನಕವನ್ನು ಅನುಸರಿಸುವ ಸ್ವಿಚ್ಚುಗಳ ಹಿಂಬದಿಯಲ್ಲಿ ಅಂಕಿಗಳಿರುತ್ತವೆ. 30 ಎಂದರೆ ಬ್ಯಾಟರಿಯಿಂದ ನೇರ ಬಂದದ್ದು. ಇಲ್ಲಿ ಬಲ್ಬು ಸದಾ ಉರಿಯಬೇಕು. 15ರಲ್ಲಿ ಚಾವಿ ಆನ್ ಆದಾಗ ಉರಿಯಬೇಕು. 50ರಲ್ಲಿ ಸೆಲ್ಫ್ ಹೊಡೆಯುವಾಗ ಮಾತ್ರ. 30ರಲ್ಲಿ ಬೆಳಕಿದ್ದು, ಚಾವಿ ಪೂರ್ತಿ ತಿರುಗಿಸಿದರೂ 50ರಲ್ಲಿ ಇಲ್ಲವೆಂದಾದರೆ ಸ್ವಿಚ್ಚು ಸತ್ತಂತೆ. 50ರಲ್ಲಿ ಚೆನ್ನಾಗಿ ಬೆಳಕಿದ್ದೂ ಸೆಲ್ಫ್ ಏಳದಿದ್ದರೆ ಸ್ವಿಚ್ಚು ನಿರ್ದೋಷಿ. ತಪ್ಪು ಅಲ್ಲಿಂದ ಮುಂದಿನ ವೈರಿನಲ್ಲೋ ಸೊಲೆನಾಯ್ಡಿನಲ್ಲೋ ಇರುತ್ತದೆ.

ಸ್ವಿಚ್ಚು ಬಿಚ್ಚುವ ಮುನ್ನ ಇಂಜಿನ್ ನಿಂತಿರಬೇಕು, ಬ್ಯಾಟರಿಯ ನೆಗೆಟಿವ್ ವೈರು ತೆಗೆದಿರಬೇಕು. ಓಡುತ್ತಿರುವ ಇಂಜಿನ್ನಿನಲ್ಲಿ ಬ್ಯಾಟರಿ ಕಳಚಿದರೆ ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗಬಹುದು. ಪ್ರತಿ ವೈರಿಗೂ ಚೂರು ಟೇಪು ಸುತ್ತಿ ಅಂಕಿ ಬರೆದಿಟ್ಟುಕೊಳ್ಳಬೇಕು. ಹಳೆಯ ಲಾರಿಯಲ್ಲಿ ಬಣ್ಣ ನೋಡಿ ವೈರು ಗುರುತಿಸುತ್ತೇನೆಂದರೆ ಆಗದ ಮಾತು. ಹತ್ತು ಕೈ ದಾಟಿದ ಗಾಡಿಯಲ್ಲಿ ಕೆಂಪು ವೈರು ಅರ್ಧ ದಾರಿಯಲ್ಲಿ ಹಳದಿಯಾಗಿ, ಕೊನೆಗೆ ಕಪ್ಪಾಗಿ ಹೊರಬರುವುದುಂಟು!

ಸುಟ್ಟದ್ದು ಏಕೆ?

ಬಿಚ್ಚಿದ ಸ್ವಿಚ್ಚಿನ ಬೆನ್ನು ಕರಗಿ ಕಂದಾಗಿರುತ್ತದೆ. ಹೊಸದನ್ನು ಕೂರಿಸಿ ಕೈತೊಳೆದುಕೊಂಡರೆ ಅದಕ್ಕೂ ಅದೇ ಗತಿ. ಮೂಲ ಕಾರಣ 15ನೇ ಟರ್ಮಿನಲ್ಲಿಗೆ ನೇತುಬಿದ್ದ ಬಳಗ: ಟೇಪ್ ರೆಕಾರ್ಡರು, ಕ್ಯಾಬಿನ್ ಫ್ಯಾನು, ಜೋಡಿ ಹಾರನ್ನು, ದೇವರ ಪಟದ ಸುತ್ತಲಿನ ಬಣ್ಣದ ಬಲ್ಬುಗಳು, ಬಂಪರಿನ ಹೆಚ್ಚುವರಿ ದೀಪಗಳು. ಲೆಕ್ಕ ಸರಳ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 12 ವೋಲ್ಟಿನ ಗಾಡಿಯಲ್ಲಿ 55 ವ್ಯಾಟಿನ ಎರಡು ದೀಪ ಉರಿದರೆ 9 ಆಂಪಿಯರಿಗೂ ಮಿಗಿಲು. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ 24 ವೋಲ್ಟಿನ ಗಾಡಿಯಲ್ಲಿ ಇದು ಅರ್ಧವಾಗುತ್ತದೆ. ಸವೆದ ಸಂಪರ್ಕದ ಮೂಲಕ ಇಷ್ಟೆಲ್ಲ ಹರಿದಾಗ ಅಲ್ಲಿ ಶಾಖ ಹುಟ್ಟುತ್ತದೆ. ಶಾಖದಿಂದ ಸಂಪರ್ಕ ಇನ್ನಷ್ಟು ಸವೆಯುತ್ತದೆ.

ಇದಕ್ಕೆ ಮದ್ದು ರಿಲೇ. ಅದರ 85 ಮತ್ತು 86ನೇ ಕಾಲುಗಳಿಗೆ ಸ್ವಿಚ್ಚಿನಿಂದ ಕಾಲು ಆಂಪಿಯರ್‌ನಷ್ಟು ಹರಿದರೆ ಸಾಕು. ದೀಪಗಳ ಭಾರವನ್ನು 30 ಮತ್ತು 87ನೇ ಕಾಲುಗಳು ಹೊರುತ್ತವೆ. ಬ್ಯಾಟರಿಯಿಂದ ರಿಲೇಗೆ ಬರುವ ವೈರಿನಲ್ಲಿ, ಬ್ಯಾಟರಿಯ ಹತ್ತಿರವೇ, ಫ್ಯೂಸ್ ಇರಬೇಕು. ಫ್ಯೂಸ್ ಇರುವುದು ದೀಪವನ್ನು ಕಾಯಲು ಅಲ್ಲ, ವೈರನ್ನು ಕಾಯಲು. ಅದರ ಜಾಗದಲ್ಲಿ ತಾಮ್ರದ ಎಳೆಯನ್ನೋ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನೋ ಸುತ್ತಿದರೆ, ಶಾರ್ಟ್ ಆದಾಗ ಸುಡುವುದು ಫ್ಯೂಸಲ್ಲ, ವೈರು. ವೈರು ಸುಟ್ಟಾಗ ಪಕ್ಕದಲ್ಲಿ ಹತ್ತಿಯಿದ್ದರೆ ಮುಂದಿನದನ್ನು ಹೇಳಬೇಕಿಲ್ಲ.

ಡ್ಯಾಶ್‌ಬೋರ್ಡಿನ ಪುಟ್ಟ ಚಾರ್ಜಿಂಗ್ ದೀಪವನ್ನೂ ಕಡೆಗಣಿಸುವಂತಿಲ್ಲ. ಹಲವು ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಆರಂಭದ ವಿದ್ಯುತ್ತು ಸಿಗುವುದು ಈ ಬಲ್ಬಿನ ಮೂಲಕವೇ. ಬಲ್ಬು ಹೋದರೆ ಚಾರ್ಜಿಂಗೂ ಕೈಕೊಡಬಹುದು. ಆಗ ಮರುದಿನ ಬೆಳಿಗ್ಗೆ ಬ್ಯಾಟರಿ ಖಾಲಿ. ಬೈಗುಳ ಮತ್ತೆ ಹೊಸ ಸ್ವಿಚ್ಚಿಗೆ!

ಚಾಸಿಗೆ ಉಜ್ಜುವ ಕಡೆಗಳಲ್ಲಿ ವೈರನ್ನು ಕೊಳವೆಯೊಳಗೆ ಸೇರಿಸಬೇಕು. ತಗಡಿನ ರಂಧ್ರ ದಾಟುವಲ್ಲಿ ರಬ್ಬರ್ ಬಳೆ ಹಾಕಬೇಕು. ಬರೀ ತಿರುಚಿ ಟೇಪು ಸುತ್ತಿದ ಜೋಡಣೆಗಳನ್ನು ಕತ್ತರಿಸಿ ಸರಿಯಾದ ಟರ್ಮಿನಲ್ ಒತ್ತಬೇಕು. ವೇಳೆ ಹಿಡಿಯುವುದು ಈ ಕೆಲಸವೇ. ಸ್ವಿಚ್ಚು ಕೂರಿಸುವುದು ಅರ್ಧ ಗಂಟೆಯದಾದರೆ ವೈರು ಬಿಡಿಸುವುದು ಅರ್ಧ ದಿನದ್ದು.

2020ರ ಏಪ್ರಿಲ್‌ನಿಂದ ಬಿಎಸ್–6 ನಿಯಮ ಬಂದ ಮೇಲಿನ ಲಾರಿಗಳಲ್ಲಿ ಇಂಧನದ ಲೆಕ್ಕವನ್ನೆಲ್ಲ ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ. ಅಲ್ಲಿ ಸಿಕ್ಕ ವೈರಿಗೆ ಟೆಸ್ಟಿಂಗ್ ಬಲ್ಬು ಚುಚ್ಚಿದರೆ ಪೆಟ್ಟಿಗೆಗೇ ಹಾನಿ. ಆದರೆ ಹಳೆಯ ಗಾಡಿಗಳು ಇನ್ನೂ ರಸ್ತೆಯಲ್ಲಿವೆ. ಅವುಗಳ ಮೇಲೆ ಸಂಸಾರಗಳೂ ನಿಂತಿವೆ.

ಬಿಸಿಲೇರುವ ಹೊತ್ತಿಗೆ ಮೇಸ್ತ್ರಿ ನೆಗೆಟಿವ್ ವೈರು ಬಿಗಿದು ತಲೆಯಾಡಿಸುತ್ತಾನೆ. ಚಾವಿ ತಿರುಗುತ್ತದೆ. ಈ ಸಲ ಅಲುಗಾಡಿಸುವ ಪ್ರಮೇಯವಿಲ್ಲ; ಇಂಜಿನ್ ಗುಡುಗುತ್ತದೆ. ಮಧ್ಯಾಹ್ನದೊಳಗೆ ಮಿಲ್ ಮುಟ್ಟುವುದು ತಪ್ಪಿತೆಂದು ಚಾಲಕ ಗೊಣಗುತ್ತಾನೆ. ಮೇಸ್ತ್ರಿ ಮರುಮಾತಾಡದೆ ಕರಗಿದ ಹಳೆಯ ಸ್ವಿಚ್ಚನ್ನು ಅವನ ಅಂಗೈಗಿಡುತ್ತಾನೆ. ಚಾಲಕ ಅದನ್ನು ಒಂದು ಗಳಿಗೆ ತಿರುಗಿಸಿ ನೋಡಿ, ಹಿಂದೆ ಹೇರಿದ ಅಂಡಿಗೆಗಳತ್ತ ಕಣ್ಣು ಹಾಯಿಸಿ, ಸುಮ್ಮನೆ ಜೇಬಿಗೆ ಕೈ ಹಾಕುತ್ತಾನೆ.