ಹಳೆಯ ಕಾರು, ಹಳೆಯ ಜಗಳ

ನಮ್ಮ ಸೋದರಮಾವನವರಿಗೆ ಸಕಲೇಶಪುರದ ಆಚೆ ಸಣ್ಣದೊಂದು ಕಾಫಿ ತೋಟವಿತ್ತು. ಆ ತೋಟಕ್ಕಿಂತ ಹೆಚ್ಚಿನ ಅಕ್ಕರೆಯಿಂದ ಅವರು ನೋಡಿಕೊಳ್ಳುತ್ತಿದ್ದ ಒಂದು ಮಾರಿಸ್ ಎಯ್ಟ್ ಕಾರೂ ಇತ್ತು. 1936ರ ಗಾಡಿ ಎಂದು ಅವರು ಹೇಳುತ್ತಿದ್ದರು. ನಾನು ಕಾಣುವ ಹೊತ್ತಿಗೆ ಅದರ ಎಂಜಿನ್ನು ಬೇರೊಂದು ಗಾಡಿಯಿಂದ ಬಂದದ್ದು. ಬಾಗಿಲುಗಳನ್ನು ಊರಿನ ಕಮ್ಮಾರ ತಗಡು ಬಡಿದು ಮಾಡಿಕೊಟ್ಟಿದ್ದ. ಆಸನಗಳ ಚರ್ಮವನ್ನು ಹಾಸನದಲ್ಲಿ ಹೊಲಿಸಿದ್ದರು. ಹಬ್ಬಕ್ಕೆಂದು ಹೋದಾಗಲೆಲ್ಲ ನಮ್ಮ ತಂದೆಯವರು ಅವರನ್ನು ಕೆಣಕುವುದುಂಟು: “ಅಲ್ಲ ಭಾವ, ಇದರಲ್ಲಿ ಮಾರಿಸ್ ಕಂಪನಿಯದು ಎಂದು ಹೆಸರೊಂದರ ಹೊರತು ಇನ್ನೇನು ಉಳಿದಿದೆ?” ಮಾವನವರು ಸಿಟ್ಟಾಗುತ್ತಿರಲಿಲ್ಲ. “ನಾನು ಉಳಿದಿದ್ದೇನಲ್ಲ ಭಾವ! ಇದು ಒಂದು ದಿನವಾದರೂ ನನ್ನ ಕೊಟ್ಟಿಗೆ ಬಿಟ್ಟು ಹೋದದ್ದುಂಟೆ?” ಎನ್ನುತ್ತಿದ್ದರು.

ಇದನ್ನು ನಾನು ಬಹುಕಾಲ ನಗೆಮಾತೆಂದೇ ಎಣಿಸಿದ್ದೆ. ಇದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತೆಂದೂ, ಅದರ ಮೇಲೆ ಒಂದು ಕೋಟಿ ಪೌಂಡುಗಳ ವ್ಯವಹಾರ ನಿಂತಿತ್ತೆಂದೂ, ನ್ಯಾಯಾಧೀಶರು ಕೊಟ್ಟ ಉತ್ತರ ನಮ್ಮ ಮಾವನವರ ಉತ್ತರದಿಂದ ಬಹು ದೂರವೇನೂ ಇರಲಿಲ್ಲವೆಂದೂ ತಿಳಿದಾಗ, ಹಳೆಯ ಕಾರುಗಳ ಸಂಘಗಳ ಚರಿತ್ರೆಯನ್ನು ಸ್ವಲ್ಪ ಗಮನವಿಟ್ಟು ಓದಬೇಕೆನಿಸಿತು. ಓದಿದಂತೆಲ್ಲ ಅದು ಕಾರುಗಳ ಚರಿತ್ರೆಯೆನ್ನುವುದಕ್ಕಿಂತ ಜಗಳಗಳ ಚರಿತ್ರೆಯೆಂದೇ ತೋರಿತು. ಯಾವ ಗಾಡಿ ನಮ್ಮದು, ಯಾವುದು ನಮ್ಮದಲ್ಲ; ಗೆರೆಯನ್ನು ಎಲ್ಲಿ ಎಳೆಯಬೇಕು, ಅದನ್ನು ಎಳೆಯುವ ಅಧಿಕಾರ ಯಾರದು ಎಂಬುದೇ ಆ ಜಗಳಗಳ ತಿರುಳು.

ಕಥೆ ಇಂಗ್ಲೆಂಡಿನ ಒಂದು ಕಾನೂನಿನಿಂದ ಆರಂಭವಾಗುತ್ತದೆ. 1865ರ ಶಾಸನದಂತೆ ಅಲ್ಲಿನ ರಸ್ತೆಗಳಲ್ಲಿ ಯಂತ್ರದ ಗಾಡಿ ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿಗಿಂತ ಬೇಗ ಹೋಗುವಂತಿರಲಿಲ್ಲ. ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ಬಾವುಟದ ಕಟ್ಟಳೆ 1878ರಲ್ಲಿ ಸಡಿಲವಾಯಿತು. ಮುಂದೆ ನಡೆಯುವ ಮನುಷ್ಯನಿಗೆ ಮಾತ್ರ ಬಿಡುಗಡೆಯಾಗಲಿಲ್ಲ. 1896ರಲ್ಲಿ ಹೊಸ ಕಾನೂನು ಬಂದು ವೇಗದ ಮಿತಿ 14 ಮೈಲಿಗೆ ಏರಿತು. ಆ ಸಂತೋಷಕ್ಕಾಗಿ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್ ಎಂಬ ಕಡಲತೀರದ ಊರಿಗೆ ಕಾರುಗಳ ಒಂದು ಮೆರವಣಿಗೆ ಹೊರಟಿತು. ಹೊರಡುವ ಮುನ್ನ ಬೆಳಗಿನ ಉಪಾಹಾರದ ವೇಳೆ ವಿಂಚಿಲ್ಸೀ ಪ್ರಭುಗಳು ಕೆಂಪು ಬಾವುಟವೊಂದನ್ನು ಎಲ್ಲರೆದುರು ಹರಿದು ಹಾಕಿದರು. ಮಳೆ, ಕೆಸರು, ಹೊರಟ ಗಾಡಿಗಳಲ್ಲಿ ಎಷ್ಟೋ ನಡುದಾರಿಯಲ್ಲೇ ಕೆಟ್ಟು ನಿಂತುವು. ಒಂದು ಗಾಡಿಯನ್ನಂತೂ ರೈಲಿನಲ್ಲಿ ಸಾಗಿಸಿ, ಊರು ಸೇರುವ ಮುಂಚೆ ಅದಕ್ಕೆ ಕೆಸರು ಬಳಿದು ತಂದರೆಂಬ ಗುಲ್ಲು ಆ ಕಾಲದಿಂದಲೂ ಇದೆ. ಕಾರಿನ ಇತಿಹಾಸದಲ್ಲಿ ಅಸಲು ನಕಲಿನ ಸಂಶಯ ಇಷ್ಟು ಬೇಗ ಹುಟ್ಟಿತ್ತೆಂಬುದನ್ನು ಗಮನಿಸಿ.

ಮೂವತ್ತು ವರ್ಷಗಳಲ್ಲಿ ಆ ಮೊದಲ ಗಾಡಿಗಳು ಗುಜರಿಗೆ ಬಿದ್ದುವು, ಇಲ್ಲವೆ ಹುಲ್ಲಿನ ಮನೆಗಳಲ್ಲಿ ಕೋಳಿಗಳಿಗೆ ಗೂಡಾದುವು. 1927ರಲ್ಲಿ ಒಂದು ಪತ್ರಿಕೆ, ಬಹುಮಟ್ಟಿಗೆ ತಮಾಷೆಗೆಂದೇ, ಹಳೆಯ ಬ್ರೈಟನ್ ಪಯಣವನ್ನು ಮತ್ತೆ ನಡೆಸಿತು. ಜನ ನಗಲೆಂದು ಬಂದವರು ಮುಂದಿನ ವರ್ಷವೂ ಬಂದರು. 1930ರ ಪಯಣ ಮುಗಿದ ಮೇಲೆ ಬ್ರೈಟನ್ನಿನ ಓಲ್ಡ್ ಶಿಪ್ ಹೋಟೆಲಿನಲ್ಲಿ ಮೂವರು ಗೆಳೆಯರು ಕುಳಿತು, ಈ ಗಾಡಿಗಳನ್ನು ಹೀಗೆ ನಗೆಪಾಟಲಿಗೆ ಬಿಡಬಾರದೆಂದು ಮಾತನಾಡಿಕೊಂಡು, ವೆಟರನ್ ಕಾರ್ ಕ್ಲಬ್ ಎಂಬ ಸಂಘವನ್ನು ಕಟ್ಟಿದರು. ವೆಟರನ್ ಎಂದರೆ ಅನುಭವದಲ್ಲಿ ಮಾಗಿದ ಹಳೆಯ ಯೋಧ. ಹೆಸರಿನಲ್ಲಿಯೇ ಒಂದು ಗೌರವವಿತ್ತು.

ಆ ಗೌರವ ಇನ್ನೊಬ್ಬರಿಗೆ ಹೋಗದಂತೆ ಕಾಯುವ ಕೆಲಸವೂ ಬೇಗನೆ ಬಂದಿತು. 1934ರಲ್ಲಿ ಕೆಲವು ತರುಣರು ಬೇರೊಂದು ಸಂಘವನ್ನು ಆರಂಭಿಸಿದರು. ಇವರ ಕೈಯಲ್ಲಿ ಹಣವಿರಲಿಲ್ಲ. ಹೊಸ ಓಟದ ಕಾರುಗಳನ್ನು ಕೊಳ್ಳಲಾರದವರು, 1920ರ ದಶಕದ ಕಾರುಗಳನ್ನು ಅಗ್ಗಕ್ಕೆ ಕೊಂಡು ತಮ್ಮಲ್ಲೇ ಪಂದ್ಯ ನಡೆಸಬೇಕೆಂದು ಬಯಸಿದವರು. ಸಂಘಕ್ಕೆ ವೆಟರನ್ ಸ್ಪೋರ್ಟ್ಸ್ ಕಾರ್ ಕ್ಲಬ್ ಎಂದು ಹೆಸರಿಡಲು ಹೊರಟರು. ಹಿರಿಯ ಸಂಘ ಒಪ್ಪಲಿಲ್ಲ. ನಾಲ್ಕು ವರ್ಷದ ಹಿಂದೆ ರಸ್ತೆಗೆ ಬಂದ ಗಾಡಿಯೂ ವೆಟರನ್ನೆ ಎಂಬುದು ಅವರ ಆಕ್ಷೇಪಣೆ. ತರುಣರು ಬೇರೆ ಪದ ಹುಡುಕಿದರು. ದ್ರಾಕ್ಷಾರಸದ ವ್ಯಾಪಾರದಲ್ಲಿ ಒಳ್ಳೆಯ ಸುಗ್ಗಿಯ ವರ್ಷದ ರಸಕ್ಕೆ ವಿಂಟೇಜ್ ಎನ್ನುವುದುಂಟಲ್ಲವೆ? ಅದನ್ನೇ ತಂದು ಕಾರಿಗೆ ಹಚ್ಚಿದರು. ಇಂದು ಬೆಂಗಳೂರಿನ ರಸ್ತೆಯಲ್ಲಿ ಹಳೆಯ ಕಾರೊಂದು ಹೋದರೆ ಶಾಲೆಯ ಮಕ್ಕಳು ಕೂಡ ‘ವಿಂಟೇಜ್ ಕಾರು’ ಎಂದು ಕೂಗುತ್ತಾರೆ. ಆ ಮಾತು ನಮ್ಮವರೆಗೆ ಬರಲು ಮೂಲ ಕಾರಣ ಎರಡು ಸಂಘಗಳ ನಡುವಣ ಈ ಮನಸ್ತಾಪ.

ಹೆಸರಿನ ಜಗಳ ಮುಗಿದರೆ ತೇದಿಯ ಜಗಳ. ವೆಟರನ್ ಸಂಘದವರು ಮೊದಲ ಮಹಾಯುದ್ಧದ ಮುಗಿವಿಗೆ, ಅಂದರೆ 1918ರ ಕೊನೆಗೆ, ಗೆರೆ ಎಳೆದರು. ಬ್ರೈಟನ್ ಪಯಣಕ್ಕಂತೂ ಇನ್ನೂ ಬಿಗಿ: 1905ಕ್ಕೆ ಮುಂಚಿನ ಗಾಡಿಗಳಿಗೆ ಮಾತ್ರ ಪ್ರವೇಶ. ವಿಂಟೇಜ್ ಸಂಘದವರು 1930ರ ಡಿಸೆಂಬರ್ 31ಕ್ಕೆ ಬಾಗಿಲು ಮುಚ್ಚಿದರು. ಆರ್ಥಿಕ ಮುಗ್ಗಟ್ಟು ಬಂದ ಮೇಲೆ ಕಾರ್ಖಾನೆಗಳು ಸೋವಿಯಾಗಿ, ರಾಶಿರಾಶಿಯಾಗಿ, ಹೊರ ಮೆರುಗಿಗೆ ಹೆಚ್ಚು ಗಮನ ಕೊಟ್ಟು ಕಾರು ಮಾಡತೊಡಗಿದುವು, ಒಳ್ಳೆಯ ಕೆಲಸಗಾರಿಕೆ ಅಲ್ಲಿಗೆ ಮುಗಿಯಿತು ಎಂಬುದು ಅವರ ದೃಢವಾದ ನಂಬಿಕೆ. ಆದರೆ 1931ರ ಅನಂತರವೂ ಒಳ್ಳೆಯ ಕಾರುಗಳು ಬಂದೇ ಬಂದುವಲ್ಲ! ಅವುಗಳಿಗಾಗಿ ಮುಂದೆ ಒಂದು ಉಪಪಂಗಡವನ್ನೇ ಮಾಡಬೇಕಾಯಿತು: ವಿಂಟೇಜ್ ಕಾಲದ ಅನಂತರದ ಜಾತಿವಂತ ಗಾಡಿಗಳು. ಯಾವುದು ಜಾತಿವಂತ, ಯಾವುದಲ್ಲ ಎಂಬುದನ್ನು ಸಂಘದ ಸಮಿತಿ ತೀರ್ಮಾನಿಸಬೇಕು. ಮಠದಿಂದ ಪಂಗಡ, ಪಂಗಡದಿಂದ ಒಳಪಂಗಡ ಒಡೆದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಕಾಣದು.

ಆದರೂ ತೇದಿಯ ಪ್ರಶ್ನೆ ಬರಿಯ ಹಟದ್ದೆಂದು ತಳ್ಳಿಹಾಕುವಂತಿಲ್ಲ. ವೆಟರನ್ ಸಂಘದಲ್ಲಿ ಕಾರಿನ ವಯಸ್ಸನ್ನು ನಿರ್ಣಯಿಸಲೆಂದೇ ತಜ್ಞರಿದ್ದಾರೆ. ಚಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಕಂಪನಿಯ ಹಳೆಯ ಕಡತ, ಆ ವರ್ಷದ ಬೆಲೆಪಟ್ಟಿಯಲ್ಲಿನ ಚಿತ್ರ ಇವನ್ನೆಲ್ಲ ತಾಳೆ ಹಾಕಿ ಅವರು ಪ್ರಮಾಣಪತ್ರ ಕೊಡುತ್ತಾರೆ. 1904ರದು ಎಂದು ನಂಬಿದ್ದ ಗಾಡಿ 1905ರದು ಎಂದು ಗೊತ್ತಾದರೆ ಅದಕ್ಕೆ ಬ್ರೈಟನ್ನಿನ ದಾರಿ ಮುಚ್ಚಿತು. ಅದರ ಬೆಲೆಯೂ ಕುಸಿಯಿತು. ಶಾಸನದ ಲಿಪಿಯನ್ನು ನೋಡಿ ಕಾಲ ಹೇಳುವ ನಮ್ಮ ವಿದ್ವಾಂಸರಿಗೆ ಇರುವಷ್ಟೇ ಜವಾಬ್ದಾರಿ ಇವರಿಗೂ ಇದೆ.

1953ರಲ್ಲಿ ಬಂದ ‘ಜೆನೆವೀವ್’ ಎಂಬ ಇಂಗ್ಲಿಷ್ ಚಲಚ್ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬ್ರೈಟನ್ ಪಯಣಕ್ಕೆ ಹೋದ ಇಬ್ಬರು ಗೆಳೆಯರು, ಒಬ್ಬನದು 1904ರ ಡರಾಕ್, ಇನ್ನೊಬ್ಬನದು ಸ್ಪೈಕರ್, ಮಾತಿಗೆ ಮಾತು ಬೆಳೆದು, ಹಿಂದಿರುಗುವಾಗ ಯಾರು ಮೊದಲು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಮುಟ್ಟುವರೆಂದು ಪಣ ಕಟ್ಟುತ್ತಾರೆ. ಬ್ರೈಟನ್ ಪಯಣ ಓಟದ ಪಂದ್ಯವಲ್ಲವೆಂಬುದು ಸಂಘದ ಮೊದಲ ಸೂತ್ರ. ಸಿನಿಮಾದ ಕಥೆ ಆ ಸೂತ್ರವನ್ನು ಮುರಿದೇ ನಡೆಯುತ್ತದೆ. ಸಂಘದ ಹಿರಿಯರ ಹುಬ್ಬು ಗಂಟಿಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಹಳೆಯ ಕಾರಿನ ಹುಚ್ಚು ಸಾಮಾನ್ಯ ಜನರ ನಡುವೆ ಹಬ್ಬಲು ಆ ಚಿತ್ರ ಮಾಡಿದಷ್ಟು ಕೆಲಸವನ್ನು ಯಾವ ಸಂಘದ ಪತ್ರಿಕೆಯೂ ಮಾಡಲಿಲ್ಲ.

ಅಟ್ಲಾಂಟಿಕ್ ಸಾಗರದ ಆಚೆಯೂ ಇದೇ ಪಾಡು. ಅಮೆರಿಕದ ಪೂರ್ವತೀರದಲ್ಲಿ 1935ರಲ್ಲಿ ಒಂದು ಸಂಘ, ಲಾಸ್ ಏಂಜಲೀಸಿನಲ್ಲಿ 1937ರಲ್ಲಿ ಇನ್ನೊಂದು, ಬಾಸ್ಟನ್ ಕಡೆ 1938ರಲ್ಲಿ ಮತ್ತೊಂದು. 1952ರಲ್ಲಿ ಹುಟ್ಟಿದ ಕ್ಲಾಸಿಕ್ ಕಾರ್ ಕ್ಲಬ್ಬಿನವರು ‘ಕ್ಲಾಸಿಕ್’ ಎಂಬ ಪದವನ್ನೇ ತಮ್ಮ ಸ್ವತ್ತೆಂದು ಭಾವಿಸಿ, ಡ್ಯೂಸೆನ್‌ಬರ್ಗ್, ಪ್ಯಾಕಾರ್ಡ್ ಮೊದಲಾದ ಶ್ರೀಮಂತ ಗಾಡಿಗಳ ಪಟ್ಟಿಯೊಂದನ್ನು ತಯಾರಿಸಿದರು. ಲಕ್ಷಾಂತರ ಜನರನ್ನು ಹೊತ್ತ ಫೋರ್ಡ್ ಕಂಪನಿಯ ‘ಎ’ ಮಾದರಿ ಎಷ್ಟೇ ಹಳೆಯದಾದರೂ ಅವರ ಲೆಕ್ಕದಲ್ಲಿ ಕ್ಲಾಸಿಕ್ ಅಲ್ಲ. ಜನ ಆ ಪದವನ್ನು ತಮಗೆ ಬೇಕಾದಂತೆ ಬಳಸಿದರು. ಸಂಘದವರು ಕೊನೆಗೆ ತಮ್ಮ ಕಾರುಗಳನ್ನು ‘ಪೂರ್ಣ ಕ್ಲಾಸಿಕ್’ ಎಂದು ಕರೆದು ಸಮಾಧಾನಪಟ್ಟುಕೊಳ್ಳಬೇಕಾಯಿತು.

ಇಷ್ಟು ಹೇಳಿ, ಮೊದಲು ಪ್ರಸ್ತಾಪಿಸಿದ ಮೊಕದ್ದಮೆಗೆ ಬರುತ್ತೇನೆ. ಡಬ್ಲ್ಯು. ಓ. ಬೆಂಟ್ಲಿ ಎಂಬ ಎಂಜಿನಿಯರು 1919ರಲ್ಲಿ ತನ್ನ ಹೆಸರಿನ ಕಂಪನಿಯನ್ನು ತೆರೆದ. ಭಾರವಾದ, ಬಲವಾದ ಗಾಡಿಗಳು. ಎಟ್ಟೋರೆ ಬುಗಾಟಿ ಅವನ್ನು ಜಗತ್ತಿನಲ್ಲೇ ಅತಿ ವೇಗದ ಲಾರಿಗಳೆಂದು ಹಾಸ್ಯ ಮಾಡಿದನೆಂದು ಹೇಳುತ್ತಾರೆ. ಫ್ರಾನ್ಸಿನ ಲ ಮಾನ್ ಊರಿನ 24 ಗಂಟೆಗಳ ಓಟವನ್ನು ಆ ಲಾರಿಗಳು 1924ರಲ್ಲಿಯೂ 1927ರಿಂದ 1930ರ ವರೆಗೆ ಒಂದೇ ಸಮನೆಯೂ ಗೆದ್ದುವು. ಓಟ ಗೆದ್ದಿತು, ಕಂಪನಿ ಸೋತಿತು. 1931ರಲ್ಲಿ ದಿವಾಳಿಯೆದ್ದು ಪ್ರತಿಸ್ಪರ್ಧಿಯಾದ ರೋಲ್ಸ್ ರಾಯ್ಸ್ ಕಂಪನಿಯ ಕೈಸೇರಿತು. ಮುಂದೆ ಡರ್ಬಿಯ ಕಾರ್ಖಾನೆಯಿಂದ ಬೆಂಟ್ಲಿ ಎಂಬ ಹೆಸರು ಹೊತ್ತು ಬಂದ ಸದ್ದಿಲ್ಲದ ಕಾರುಗಳು ನಿಜವಾದ ಬೆಂಟ್ಲಿಗಳೆ ಎಂಬ ಚರ್ಚೆ ಇಂದಿಗೂ ತಣ್ಣಗಾಗಿಲ್ಲ. 1936ರಲ್ಲಿ ಹುಟ್ಟಿದ ಬೆಂಟ್ಲಿ ಚಾಲಕರ ಸಂಘದಲ್ಲಿ ‘ಡಬ್ಲ್ಯು. ಓ. ಕಾರು’ ಎಂಬ ಮಾತಿಗೆ ಬೇರೊಂದೇ ತೂಕವಿದೆ.

1929ರಲ್ಲಿಯೂ 1930ರಲ್ಲಿಯೂ ಲ ಮಾನ್ ಗೆದ್ದದ್ದು ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಗಾಡಿ. ಓಟದ ಗಾಡಿಯೆಂದರೆ ಪ್ರತಿ ಓಟಕ್ಕೂ ಏನಾದರೊಂದು ಬದಲಾಗುವುದು ಸಹಜ. 1932ರಲ್ಲಿ ಅದಕ್ಕೆ 8 ಲೀಟರಿನ ದೊಡ್ಡ ಎಂಜಿನ್ನನ್ನು ಕೂರಿಸಿ ಬ್ರೂಕ್‌ಲ್ಯಾಂಡ್ಸಿನ 500 ಮೈಲಿ ಓಟಕ್ಕೆ ಇಳಿಸಿದರು. ಆ ಓಟದಲ್ಲಿ ಕ್ಲೈವ್ ಡನ್‌ಫೀ ಎಂಬ ತರುಣ ಅದನ್ನು ನಡೆಸುತ್ತಿದ್ದಾಗ ಗಾಡಿ ಇಳಿಜಾರಿನ ಅಂಚನ್ನು ದಾಟಿ ಹಾರಿತು, ಅವನು ಸತ್ತ. ಒಡೆಯನಾದ ವುಲ್ಫ್ ಬಾರ್ನಾಟೋ ಅದನ್ನು ಮತ್ತೆ ಕಟ್ಟಿಸಿ ಮುಚ್ಚಿದ ಮೈ ಹೊದಿಸಿದ. ಹೀಗೆ ಕೈಯಿಂದ ಕೈಗೆ ಬಂದ ಗಾಡಿಯನ್ನು 1990ರಲ್ಲಿ ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ ಕಂಪನಿ, ಇದು ಆ ಗಾಡಿಯೇ ಅಲ್ಲವೆಂದು ಹಿಂದೆಗೆಯಿತು. ಮಾರುವವನು ದಾವೆ ಹೂಡಿದ.

ನ್ಯಾಯಾಧೀಶ ಆಟನ್ನರು ಬೋಲ್ಟು ಬೋಲ್ಟನ್ನೂ ವಿಚಾರಿಸಿದರು. 1929ರಲ್ಲಿ ಗೆದ್ದ ಗಾಡಿಯ ಭಾಗವೆಂದು ಹೇಳಬಹುದಾದದ್ದು ಅಲ್ಪಸ್ವಲ್ಪವೇ ಉಳಿದಿತ್ತು. ಆದರೂ, ಈ ಗಾಡಿ ಎಂದೂ ಬಿಚ್ಚಿ ಚದುರಿ ಇಲ್ಲವಾಗಲಿಲ್ಲ. ಬದಲಾಗುತ್ತ ಬದಲಾಗುತ್ತ ಒಂದೇ ಎಳೆಯಾಗಿ ಬಂದಿದೆ. ಈ ಹೆಸರಿಗೆ ಹಕ್ಕುಳ್ಳ ಇನ್ನೊಂದು ಗಾಡಿ ಲೋಕದಲ್ಲಿಲ್ಲ. ಆದ್ದರಿಂದ ಇದೇ ಓಲ್ಡ್ ನಂಬರ್ ಒನ್ ಎಂದು ತೀರ್ಪಿತ್ತರು. ಕೊಳ್ಳುವವರು ಸೋತರು. ಸಂಘಗಳ ಮಂದಿ ಮಾತ್ರ ಇಂದಿಗೂ ಎರಡು ಪಾಳೆಯವಾಗಿಯೇ ಇದ್ದಾರೆ. ನನಗೆ ತೀರ್ಪು ಸರಿಯೆಂದೇ ತೋರುತ್ತದೆ. ಆದರೆ ಅದು ಸರಿಯೊ ತಪ್ಪೊ ಎಂದು ವಾದಿಸುವುದಕ್ಕಾದರೂ ಸಾಧ್ಯವಾದದ್ದು, ಜಗಳಗಂಟಿಗಳಾದ ಈ ಸಂಘದವರು ಚಾಸಿಯ ಸಂಖ್ಯೆಗಳನ್ನೂ ಹಳೆಯ ಛಾಯಾಚಿತ್ರಗಳನ್ನೂ ಮೆಕ್ಯಾನಿಕ್ಕರ ನೆನಪುಗಳನ್ನೂ ಅರವತ್ತು ವರ್ಷ ಕೂಡಿಟ್ಟುಕೊಂಡಿದ್ದರಿಂದ.

ನಮ್ಮ ದೇಶದಲ್ಲಿ ದೆಹಲಿಯ ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ಹಳೆಯ ಕಾರುಗಳ ರ‍್ಯಾಲಿಯನ್ನು ಆರಂಭಿಸಿತು. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಕಾರುಗಳ ಸಂಗ್ರಹವನ್ನು ನೋಡಿರುತ್ತಾರೆ. ಗೆರೆ ಎಳೆಯುವ ಕೆಲಸವನ್ನು ಇಲ್ಲಿ ಸರಕಾರವೇ ಮಾಡಿತು: 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಹೊಸದಾಗಿ ನೋಂದಾಯಿಸಿದರೆ ಅದಕ್ಕೆ ‘ವಿಎ’ ಅಕ್ಷರಗಳ ಪ್ರತ್ಯೇಕ ಸಂಖ್ಯೆ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು.

ಈ ಕೊನೆಯ ಮಾತು ನನಗೆ ತಟ್ಟುವುದಕ್ಕೆ ಕಾರಣವಿದೆ. ಮಾವನವರು ತೀರಿಕೊಂಡ ಮೇಲೆ ಮಾರಿಸ್ಸನ್ನು ಮಾರಿದೆವು. ಅದಕ್ಕೂ ಮುಂಚೆ, ಮನೆ ಗುಡಿಸುವ ಸಂಭ್ರಮದಲ್ಲಿ, ಅವರು ಟ್ರಂಕಿನಲ್ಲಿ ಇಟ್ಟಿದ್ದ ರಸೀತಿಗಳನ್ನೂ ಗಾಡಿಯ ಪುಸ್ತಕವನ್ನೂ ಹಳೆಯ ಪಂಚಾಂಗಗಳ ಜೊತೆಗೆ ಒಲೆಗೆ ಹಾಕಿದ್ದೆವು; ಹಾಕಿದವನು ನಾನೇ. ಹಲವು ವರ್ಷಗಳ ಅನಂತರ ಅಪರಿಚಿತರೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಗಾಡಿ ಮೂರು ಕೈ ದಾಟಿ ಅವರಲ್ಲಿದೆಯಂತೆ. ಹಸಿರು ಬಣ್ಣ ಬಳಿದಿದ್ದಾರಂತೆ. “ಸ್ವಾಮಿ, ಇದರ ಕಾಗದ ಏನಾದರೂ ಉಳಿದಿದೆಯೆ? ಮೊದಲು ಯಾವ ಬಣ್ಣವಿತ್ತು?” ಎಂದು ಕೇಳಿದರು. ಕಪ್ಪು ಎಂದೆ. ಕಾಗದ ಎಲ್ಲಿಂದ ತರಲಿ? ಗಾಡಿಯ ಹಳೆಯ ನಂಬರು ಮಾತ್ರ, ಬಾಲ್ಯದಲ್ಲಿ ಕಲಿತ ಮಗ್ಗಿಯ ಹಾಗೆ, ಇನ್ನೂ ಬಾಯಿಗೆ ಬರುತ್ತದೆ. ಅದನ್ನೊಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಹೋದರು.