ಅಜ್ಜನ ತಂಬೂರಿ ಗುಜರಿಗೆ ಹಾಕಬ್ಯಾಡ್ರಿ!

ಹುಬ್ಬಳ್ಳಿ: ಹಳೇ ಮನೆ ಕೆಡವುವಾಗ ಅಟ್ಟದಿಂದ ಇಳಿಯುವ ಸಾಮಾನಿನಲ್ಲಿ ಒಮ್ಮೊಮ್ಮೆ ತಂಬೂರಿಯೂ ಇರುತ್ತದೆ. ಸವಾಯಿ ಗಂಧರ್ವರ, ಗಂಗೂಬಾಯಿ ಹಾನಗಲ್ಲರ ಸೀಮೆಯಲ್ಲಿ ಇದೇನು ಸೋಜಿಗವಲ್ಲ. ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುತ್ತ ‘ನಮ್ಮಜ್ಜಂದು, ನೂರು ವರ್ಷದ್ದೈತಿ’ ಎನ್ನುವವರೂ, ಮರುದಿನ ಅದನ್ನು ಗುಜರಿಗೆ ಹಾಕುವವರೂ ಒಬ್ಬರೇ ಆಗಿರುವುದುಂಟು!

ನೂರು ವರ್ಷ ಹೌದೋ ಅಲ್ಲೋ? ಮೊದಲು ತಯಾರಕರ ಹೆಸರಿನ ಪಟ್ಟಿ ಇದೆಯೇ ನೋಡಬೇಕು. ಮಿರಜದ್ದಾದರೆ ಅಲ್ಲಿಗೇ ಒಯ್ಯುವುದು ಲೇಸು. 19ನೇ ಶತಮಾನದಲ್ಲಿ ಫರೀದಸಾಹೇಬರಿಂದ ಬೆಳೆದ ಅಲ್ಲಿಯ ಕಸುಬಿಗೆ 2024ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅಲಂಕಾರದಲ್ಲಿ ಪ್ಲಾಸ್ಟಿಕ್ ಕಂಡರೆ ಒಂದೋ ವಾದ್ಯ ಈಚಿನದು, ಇಲ್ಲವೇ ನಡುವೆ ರಿಪೇರಿಯಾಗಿದೆ. ಬಣ್ಣ ಕಪ್ಪಾದದ್ದೇ ವಯಸ್ಸಿಗೆ ಸಾಕ್ಷಿಯಲ್ಲ. ಅಡಿಗೆಮನೆ ಹೊಗೆಗೆ ಹೊಸದೂ ಕಪ್ಪಾಗುತ್ತದೆ.

ಇನ್ನು ನಾದ. ಧ್ವನಿ ಸತ್ತಿದೆಯೆಂದು ಮೆರುಗೆಣ್ಣೆ ಬಳಿಯುವವರಿದ್ದಾರೆ. ಅದು ತಪ್ಪು. ದಪ್ಪ ಲೇಪ ಕಂಪನವನ್ನೇ ಅದುಮುತ್ತದೆ. ದೋಷ ಬಹುಪಾಲು ಕುದುರೆಯಲ್ಲಿ. ತಂತಿ ಕುಳಿತಲ್ಲಿ ವರ್ಷಗಟ್ಟಲೆ ಉಜ್ಜಿ ಗೀರು ಬಿದ್ದಿರುತ್ತದೆ. ಅದನ್ನು ಅರದಿಂದ ತೀಡಿ ಮೇಲ್ಮೈ ಹದಗೊಳಿಸುವುದೇ ಜವಾರಿ ತೆಗೆಯುವುದು. ಮೇಲೆ ಹೊಸ ತಂತಿ, ಖರ್ಜಕ್ಕೆ ಹಿತ್ತಾಳೆಯದು. ತಂತಿಯಡಿ ಜೀವಾಳದ ನೂಲು. ನೂಲು ಕೂದಲೆಳೆಯಷ್ಟು ಸರಿದರೂ ನಾದ ಮುಚ್ಚುತ್ತದೆ, ಇಲ್ಲವೇ ಅರಳುತ್ತದೆ.

ಎರಡು ಎಚ್ಚರಿಕೆ: ಬುರುಡೆ ಸೀಳಿದ್ದರೆ ತಂತಿ ಬಿಗಿಯಬ್ಯಾಡ್ರಿ, ಮೊದಲು ಅದರ ರಿಪೇರಿ ಆಗಲಿ. ಕುದುರೆಯನ್ನು ಮನೆಯಲ್ಲಿ ನೀವೇ ಉಜ್ಜಬ್ಯಾಡ್ರಿ, ತೀಡಿ ಹೋದದ್ದು ಮರಳಿ ಬಾರದು.

ಗುಜರಿಯವನ ತಕ್ಕಡಿಗೆ ಏರಿಸುವ ಮುನ್ನ ಜವಾರಿ ಬಲ್ಲವರಿಗೆ ಒಮ್ಮೆ ತೋರಿಸಿರಿ. ಮಾರುವುದೇ ಆದರೂ ಅದು ತಂಬೂರಿಯಾಗಿ ಮಾರಾಟವಾಗಲಿ, ಕಟ್ಟಿಗೆಯಾಗಿ ಅಲ್ಲ.